ತಾಯಮ್ಮ ಎಂಬ ಮೂರನೇ ಪ್ರೋಗ್ರಾಂ

“ಹೇಳಿ ಮೇಡಂ ಅವನಿಗೆ. ಅವನ ತೂಬು ಕಿವುಡು. ಕಿವುಡನ್ನ ತಂದು ಕೆಲಸಕ್ಕೆ ನಿಲ್ಸಿ, ಊರಿಗೆ ನೀರಿಲ್ಲ ಅಂದ್ರೆ ಎಲ್ಲಿಂದ ಬತ್ತದೆ ಅಂತ ಕೇಳಿ.”

“ಮೇಡಂ, ತಾಯಮ್ಮನ ಅಣ್ಣಾರಿಗೆ ನೀವೇ ಹೇಳಿ. ಅವರ ಏತಕ್ಕೆ ಬರೀ ಬಾಯಿ ಕೊಟ್ಟವ್ರೆ, ಕಿವಿ ಇಟ್ಟಿಲ್ಲ. ಸಾಕ್ದೋರ ಹಂಗೇ ಆಗ್ತದೆ.”

“ಯಾರಿಗ್ಲಾ ಕಿವಿ ಇಲ್ದಿದ್ದು ಅಂತ ಕೇಳಿ ಮೇಡಂ.”

“ಲಾ ಗೀ ಅಂದ್ರೆ ಹಲ್ಲು ಕೈಗೆ ಬತ್ತವೆ ಅಂತ ಹೇಳಿ ಮೇಡಂ.”

ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಮೇಜು. ಕೈ ಚಾಚಿದರೆ ಅವನ ಅಂಗಿ ಕಾಲರು ಸಿಗುವಷ್ಟು ದೂರ. ಮೇಜಿನ ಮುಂದೆ ಕಂಪನಿಯಿಂದ ಬಂದ ಎಂಜಿನಿಯರ್ ಲವೀನಾ ಮೇಡಂ ಕೀಬೋರ್ಡಿನ ಮೇಲೆ ಕೈಯಿಟ್ಟು ಕೂತಿದ್ದರು. ಕುಂದಾಪುರದ ಕಡೆಯ ಹುಡುಗಿ.

“ನಾನು ಎಂತ ಹೇಳುವುದು ಮಾರಾಯ್ರೆ? ನೀವು ಹೇಳಿದ್ದು ಅವರಿಗೆ ಕೇಳ್ತಾ ಉಂಟು. ಅವರು ಹೇಳಿದ್ದು ನಿಮಗೂ ಕೇಳ್ತಾ ಉಂಟು,” ಎಂದರು.

“ಕೇಳ್ತದೆ. ಆದ್ರೂ ನೀವು ಹೇಳ್ಬೇಕು,” ಎಂದೆ.

ಈ ಒಂದು ವಿಷಯಕ್ಕೆ ಮಾತ್ರ ಅವನೂ ಹೌದೆಂದು ತಲೆಯಾಡಿಸಿದ.

ಅವನು ಎಂದರೆ ಮರಿಸಿದ್ದಯ್ಯ. ಕೆಂಚನಪುರ ಪುರಸಭೆಯ ವಾಲ್ವ್‌ಮನ್. ಯಾವ ಬೀದಿಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬುದು ಅವನ ಕೆಲಸ. ನಾನು ಬೋರಲಿಂಗಯ್ಯ, ಪಂಪ್ ಆಪರೇಟರ್. ಹೊಳೆಯಿಂದ ನೀರೆತ್ತಿ ಗುಡ್ಡದ ಮೇಲಿನ ತೊಟ್ಟಿ ತುಂಬಿಸುವುದು ನನ್ನ ಕೆಲಸ. ನನ್ನ ತಂಗಿ ತಾಯಮ್ಮನನ್ನು ಅವನಿಗೇ ಕೊಟ್ಟಿದೆ. ಕೊಟ್ಟಾಗ ಒಳ್ಳೆಯವನಿದ್ದ. ಹನ್ನೊಂದು ವರ್ಷದಿಂದ ನಮಗೆ ಮಾತಿಲ್ಲ.

ಅಂದು ಸೋಮವಾರ. ಊರಿಗೆ ನೀರು ನಿಂತು ನಾಲ್ಕನೇ ದಿನ. ಹೊಳೆಯಲ್ಲಿ ನೀರಿತ್ತು, ತೊಟ್ಟಿಯಲ್ಲಿ ನೀರಿತ್ತು, ನಲ್ಲಿಯಲ್ಲಿ ಮಾತ್ರ ಇರಲಿಲ್ಲ. ಕಾರಣ ಹೋದ ವಾರ ಕಂಪನಿಯವರು ತಂದು ಮೇಜಿನ ಮೇಲೆ ಕೂರಿಸಿದ್ದ ಕರಿ ಪೆಟ್ಟಿಗೆ.

ಆ ಪೆಟ್ಟಿಗೆ ಲಿನಕ್ಸ್ ಎಂಬ ವ್ಯವಸ್ಥೆಯ ಮೇಲೆ ಓಡುತ್ತದೆ. ಅದರೊಳಗೆ ಎರಡು ಪ್ರೋಗ್ರಾಂ. ಪಂಪು ನೋಡಿಕೊಳ್ಳುವುದಕ್ಕೆ ಏತ ಎಂದೂ, ವಾಲ್ವ್ ನೋಡಿಕೊಳ್ಳುವುದಕ್ಕೆ ತೂಬು ಎಂದೂ ಲವೀನಾ ಮೇಡಮ್ಮೇ ಹೆಸರಿಟ್ಟಿದ್ದರು. ಒಂದೇ ಪೆಟ್ಟಿಗೆಯಲ್ಲಿದ್ದರೂ ಒಂದರ ಮನಸ್ಸಿನಲ್ಲಿ ಇರುವುದು ಇನ್ನೊಂದಕ್ಕೆ ತಿಳಿಯುವುದಿಲ್ಲ. ಲಿನಕ್ಸ್ ಅವುಗಳ ನಡುವೆ ಗೋಡೆ ಎಬ್ಬಿಸಿರುತ್ತದೆ. ಇಲ್ಲದಿದ್ದರೆ ಒಂದು ಹೋಗಿ ಇನ್ನೊಂದರ ಅಡುಗೆಮನೆಯಲ್ಲಿ ಕೈಯಾಡಿಸೀತು. ಮಾತಾಡಬೇಕಾದರೆ ಗೋಡೆಯಲ್ಲಿ ಕಿಂಡಿ ಕೊರೆಯಬೇಕು. ಕಿಂಡಿಯಲ್ಲಿ ಮಾತು ಹೋಗುವುದು ಒಂದೇ ದಿಕ್ಕಿಗೆ. ಹಾಗಾಗಿ ಎರಡು ಕಿಂಡಿ: ಒಂದರಲ್ಲಿ ಏತ ಹೇಳುವುದು, ತೂಬು ಕೇಳುವುದು. ಇನ್ನೊಂದರಲ್ಲಿ ತೂಬು ಹೇಳುವುದು, ಏತ ಕೇಳುವುದು. ಈ ಕಡೆಯವನು ಕಿಂಡಿಗೆ ಬಾಯಿಟ್ಟರೆ, ಆ ಕಡೆಯವನು ಬಂದು ಕಿವಿಯಿಡುವ ತನಕ ಇವನು ಬಾಯಿ ತೆರೆದುಕೊಂಡು ಅಲ್ಲೇ ನಿಂತಿರಬೇಕು. ಬೇರೆ ಕೆಲಸಕ್ಕೆ ಹೋಗುವಂತಿಲ್ಲ. ಅದು ಲಿನಕ್ಸಿನ ಕಟ್ಟಳೆ.

ನಾಲ್ಕು ದಿನದಿಂದ ಏತ ತನ್ನ ಕಿಂಡಿಗೆ ಬಾಯಿಟ್ಟು ನಿಂತಿತ್ತು. ತೂಬು ತನ್ನ ಕಿಂಡಿಗೆ ಬಾಯಿಟ್ಟು ನಿಂತಿತ್ತು. ಕಿವಿಯಿಡಲು ಯಾರೂ ಬರಲಿಲ್ಲ. ಪರದೆಯ ಮೇಲೆ ಎರಡೇ ಸಾಲು:

ಏತ: ಹೇಳಲು ಕಾಯುತ್ತಿದೆ.
ತೂಬು: ಹೇಳಲು ಕಾಯುತ್ತಿದೆ.

“ಬೇರೆ ಹದಿನಾರು ಊರಲ್ಲಿ ಇದೇ ಪ್ರೋಗ್ರಾಂ ಹಾಕಿದ್ದೇವೆ. ಎಲ್ಲಿಯೂ ಹೀಗೆ ಆಗ್ಲಿಲ್ಲ,” ಎಂದರು ಲವೀನಾ ಮೇಡಂ. “ಇದು ಹೊಸ ಜಾತಿಯ ಪ್ರೋಗ್ರಾಂ. ಹೇಗೆ ಮಾತಾಡಬೇಕು ಅಂತ ನಾವು ಹೇಳಿಕೊಡುವುದಿಲ್ಲ. ಆಯಾ ಊರಿನ ಹಳೆಯ ಪುಸ್ತಕ ಓದಿ ಅದೇ ಕಲಿತುಕೊಳ್ತದೆ. ನಿಮ್ಮದು ಯಾವ ಪುಸ್ತಕ ಕೊಟ್ಟಿದ್ರಿ?”

ನಾನು ಬೀರು ತೋರಿಸಿದೆ. ಪಂಪ್‌ಹೌಸಿನ ಲಾಗ್ ಪುಸ್ತಕ. ಹನ್ನೊಂದು ವರ್ಷದ್ದು. ಮೇಡಂ ಒಂದನ್ನು ತೆಗೆದು ಓದಲು ಕೂತರು.

ಆ ಪುಸ್ತಕದ ಹಿಂದಿನ ಕತೆ ಇಷ್ಟು. ಹನ್ನೊಂದು ವರ್ಷದ ಹಿಂದೆ ಗುಡ್ಡದ ತಳದ ಛತ್ರದಲ್ಲಿ ಒಂದು ಮದುವೆ. ಬೆಳಿಗ್ಗೆ ತೊಟ್ಟಿ ತುಂಬಿತು, ವಾಲ್ವ್ ತೆಗಿ ಎಂದು ನಾನು ಫೋನಿನಲ್ಲಿ ಕೂಗಿದೆ. ಕೂಗಿದ್ದು ಸತ್ಯ. ಕೇಳಿಸಲೇ ಇಲ್ಲ ಎನ್ನುತ್ತಾನೆ ಅವನು. ತೊಟ್ಟಿ ಉಕ್ಕಿ, ನೀರು ಗುಡ್ಡದಿಂದ ಇಳಿದು, ಸೀದಾ ಛತ್ರದ ಅಡುಗೆಮನೆಗೆ ನುಗ್ಗಿತು. ಪಾಯಸದ ಹಂಡೆ ತೇಲಿಕೊಂಡು ಬಂದು ಧಾರೆ ಮಂಟಪದ ಮುಂದೆ ನಿಂತಿತು. ಇಬ್ಬರಿಗೂ ಹದಿನೈದು ದಿನ ಸಸ್ಪೆಂಡು. ಅವತ್ತಿನಿಂದ ಫೋನು ಮುಟ್ಟಲಿಲ್ಲ. ನಾನು ಲಾಗ್ ಪುಸ್ತಕದಲ್ಲಿ ಬರೆದಿಟ್ಟು ಹೊರಗೆ ಹೋಗುತ್ತಿದ್ದೆ. ಅವನು ಬಂದು ಓದಿ, ಕೆಳಗೆ ಬರೆದು, ಹೋಗುತ್ತಿದ್ದ. ನೀರು ಅರ್ಧ ಗಂಟೆ ತಡವಾಗಿ ಬರುತ್ತಿತ್ತು. ಆದರೆ ಬರುತ್ತಿತ್ತು.

ಮೇಡಂ ಗಟ್ಟಿಯಾಗಿ ಓದಿದರು.

“‘೬.೧೦. ತೊಟ್ಟಿ ತುಂಬಿದೆ. ಕಣ್ಣಿದ್ದವರು ನೋಡಿಕೊಳ್ಳುವುದು.’

‘೬.೪೦. ಕಣ್ಣಿದ್ದವರು ನೋಡಿದರು. ಗಡಿಯಾರ ಇದ್ದವರು ಮೊದಲೇ ಬರೆಯಬಹುದಿತ್ತು.’

‘೬.೪೫. ಬರೆಯುವುದು ನಮ್ಮ ಕರ್ತವ್ಯ. ಓದು ಬರಹ ಕಲಿಸುವುದು ನಮ್ಮ ಕರ್ತವ್ಯ ಅಲ್ಲ.’

‘೭.೦೦. ಎರಡನೇ ವಾರ್ಡಿಗೆ ನೀರು ಬಿಟ್ಟಿದೆ. ಇದು ಯಾರಿಗೂ ಉತ್ತರ ಅಲ್ಲ, ಮಾಹಿತಿ ಮಾತ್ರ.’”

ಮೇಡಂ ನಕ್ಕರು. ಹಾಳೆ ಮಗುಚಿ ಇನ್ನೂ ನಕ್ಕರು. ಆಮೇಲೆ ನಗು ನಿಂತಿತು.

“ಅಯ್ಯೋ ದೇವರೆ. ಇದನ್ನು ಓದಿ ಅವು ಕಲಿತದ್ದಾ? ಹನ್ನೊಂದು ವರ್ಷದಲ್ಲಿ ಇಬ್ಬರೂ ಹೇಳಿದ್ದೇ ಉಂಟು. ಒಬ್ಬರು ‘ಆಯ್ತು, ಕೇಳಿದೆ’ ಅಂತ ಬರೆದ ಒಂದು ಸಾಲು ಇಲ್ಲ. ಪಾಪ, ಕೇಳುವುದು ಅಂತ ಒಂದು ಉಂಟು ಅಂತಲೇ ಅವಕ್ಕೆ ಗೊತ್ತಿಲ್ಲ.”

“ಈಗೇನು ಮಾಡಾದು?” ಎಂದೆ.

“ದೊಡ್ಡದೇನಿಲ್ಲ. ಇಬ್ಬರಲ್ಲಿ ಯಾರಾದರೂ ಒಬ್ಬರು ತಮ್ಮ ಪ್ರೋಗ್ರಾಂಗೆ ‘ಮೊದಲು ಕೇಳು’ ಅಂತ ಅಪ್ಪಣೆ ಕೊಡಬೇಕು. ನಾನು ಕೊಟ್ಟರೆ ಆಗುವುದಿಲ್ಲ. ಆಯಾ ವಿಭಾಗದವರೇ ಇದರ ಮೇಲೆ ಹೆಬ್ಬೆಟ್ಟು ಇಡಬೇಕು.” ಮೇಜಿನ ಮೇಲೆ ಎರಡು ಗಾಜಿನ ಗುಂಡಿ ಇದ್ದವು. ಒಂದು ನನ್ನದು, ಒಂದು ಅವನದು.

ಪುರಸಭೆಯಲ್ಲಿ ಒಂದು ಪದ್ಧತಿ ಇದೆ. ಮೇಲಿನವನು ಹೇಳುತ್ತಾನೆ, ಕೆಳಗಿನವನು ಕೇಳುತ್ತಾನೆ. ಪಂಪ್ ಆಪರೇಟರ್ ಮೇಲೋ ವಾಲ್ವ್‌ಮನ್ ಮೇಲೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಜ್ಯೇಷ್ಠತಾ ಪಟ್ಟಿಯ ಫೈಲು ಜಿಲ್ಲಾ ಕಚೇರಿಯಲ್ಲಿ ಕೂತಿದೆ. ಅಂಥದ್ದರಲ್ಲಿ ನಾನು ಹೆಬ್ಬೆಟ್ಟು ಒತ್ತಿದರೆ ಏನರ್ಥ?

“ನಾನು ನಮ್ಮೂರ ಸ್ಕೂಲಲ್ಲಿ ಏಳನೇ ಕ್ಲಾಸು ಪಾಸು ಮಾಡಿದೋನು ಮೇಡಂ. ಹೆಬ್ಬೆಟ್ಟು ಒತ್ತಲ್ಲ. ಸೈನು ಬೇಕಾದ್ರೆ ಹಾಕ್ತೀನಿ, ಅದೂ ಅವನು ಹಾಕಿದ್ ಮ್ಯಾಲೆ.”

“ತಾಯಮ್ಮನ ಅಣ್ಣಾರಿಗೆ ಹೇಳಿ ಮೇಡಂ, ನಾನು ಎಂಟನೇ ಕ್ಲಾಸು.”

“ಫೇಲು ಅಂತ ಅದನ್ನೂ ಹೇಳ್ಬುಡಿ ಮೇಡಂ.”

ಅಷ್ಟರಲ್ಲಿ ಮುಖ್ಯಾಧಿಕಾರಿ ಸಾಹೇಬರು ಬಂದರು. ಅವರ ಹಿಂದೆ ಖಾಲಿ ಕೊಡ ಹಿಡಿದುಕೊಂಡು ಮೂರನೇ ವಾರ್ಡಿನ ಹೆಂಗಸರು ಬಂದಿದ್ದರು. ಅವರಲ್ಲಿ ಒಬ್ಬಳು ಸಾಹೇಬರ ಕಾರಿನ ಬಾನೆಟ್ಟಿನ ಮೇಲೆ ಕೊಡ ಇಟ್ಟು, ತುಂಬಿಸಿ ಕೊಟ್ಟರೆ ಮಾತ್ರ ಇಳಿಸುತ್ತೇನೆ ಎಂದು ಕೂತಿದ್ದಳು.

ಸಾಹೇಬರು ಕೂಗಾಡಲಿಲ್ಲ. ಮೆತ್ತಗೆ ಹೇಳಿದರು. “ಶನಿವಾರ ಗೌರಿ ಹಬ್ಬ. ಶುಕ್ರವಾರ ಸಂಜೆ ಐದು ಗಂಟೆಗೆ ಈ ಪೆಟ್ಟಿಗೆಯಿಂದಲೇ ಊರಿಗೆ ನೀರು ಹೋಗಬೇಕು. ಕೈಯಲ್ಲಿ ಓಡಿಸೋದು ಬೇಡ, ಸರ್ಕಾರದವರು ಪೆಟ್ಟಿಗೆ ನೋಡಕ್ಕೆ ಬತ್ತಾರೆ. ಹೋಗ್ಲಿಲ್ಲ ಅಂದ್ರೆ ಪಂಪ್‌ಹೌಸು ಕಂಟ್ರಾಕ್ಟರಿಗೆ. ನಿಮ್ಮಿಬ್ಬರಿಗೂ ಸ್ಮಶಾನದ ಗೇಟು. ಒಂದೇ ಶಿಫ್ಟು. ಒಂದೇ ಬೆಂಚು.”

ಸ್ಮಶಾನಕ್ಕೆ ನಾನು ಹೆದರುವವನಲ್ಲ. ಬೆಂಚಿಗೆ ಹೆದರಿದೆ.

*

ಮಧ್ಯಾಹ್ನ ಮನೆಗೆ ಹೋದರೆ ನನ್ನ ಹೆಂಡತಿ ಸಾಕಮ್ಮ ಊಟಕ್ಕೆ ಮುತ್ತುಗದ ಎಲೆ ಹಾಕಿದಳು.

“ಯಾಕೆ, ತಟ್ಟೆ ಏನಾಯ್ತು?”

“ತಟ್ಟೆ ತೊಳ್ಯಕ್ಕೆ ನೀರೆಲ್ಲೈತೆ? ಊರಿಗೆಲ್ಲ ನೀರು ಬಿಡೋ ಗಂಡನ್ನ ಕಟ್ಕಂಡು ಎಲೇಲಿ ಉಣ್ಣೋ ಹಂಗಾಯ್ತು. ಆ ಹೆಬ್ಬೆಟ್ಟು ಅಲ್ಲಿಟ್ರೆ ಸವೆದೋಯ್ತದಾ?”

ಪಂಪ್‌ಹೌಸಿನ ಮಾತು ನನಗಿಂತ ಮೊದಲೇ ಮನೆಗೆ ಬಂದಿತ್ತು. ತಂದವಳು ತಾಯಮ್ಮ. ಹಿತ್ತಲ ಬಾಗಿಲಲ್ಲಿ ಕೂತು ಸಾಕಮ್ಮನಿಗೆ ಸೊಪ್ಪು ಬಿಡಿಸಿಕೊಡುತ್ತಿದ್ದಳು.

ತಾಯಮ್ಮ ದಿನಾ ಬರುತ್ತಾಳೆ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಎರಡು ಬೀದಿ. ಅವಳ ಗಂಡ ಹೇಳಿದ್ದನ್ನು ನನಗೆ ತಂದು ಹೇಳುತ್ತಾಳೆ, ನಾನು ಹೇಳಿದ್ದನ್ನು ಅಲ್ಲಿಗೆ ಒಯ್ದು ಹೇಳುತ್ತಾಳೆ. ಹೊಲದ ಬದು, ಸೊಸೈಟಿ ಓಟು, ನಮ್ಮಮ್ಮನ ತಿಥಿ, ಎಲ್ಲ ಹನ್ನೊಂದು ವರ್ಷ ಹೀಗೇ ನಡೆದಿದೆ.

“ಅಣ್ಣ, ಇವ್ರು ಒಂದ್ ಮಾತು ಹೇಳ್ಕಳಿಸವ್ರೆ,” ಎಂದಳು. “ದೊಡ್ಡೋರು ಅವ್ರು, ಅವರ ಮಾತೇ ನಡೀಲಿ, ಹೆಬ್ಬೆಟ್ಟು ಒಂದು ಒತ್ಬುಟ್ರೆ ಊರು ಅವ್ರನ್ನೇ ನೆನೀತದೆ ಅಂದ್ರು.”

ನನಗೆ ಸ್ವಲ್ಪ ಮೆತ್ತಗಾಯಿತು. ಆದರೆ ತೋರಿಸಲಿಲ್ಲ.

“ದೊಡ್ಡೋನು ಅಂತ ಈಗ ಗೊತ್ತಾಯ್ತಾ ಆ ಕತ್ತೆಗೆ? ಅವನೇ ಬಂದು ನನ್ನ ಮನೆ ಹೊಸ್ತಿಲಲ್ಲಿ ನಿಂತ್ಕಂಡು ಹೇಳ್ಲಿ ಅನ್ನು. ಅಲ್ಲಿಗಂಟ ಅವನ ಮುಖಕ್ಕೆ ನನ್ನ ಹೆಬ್ಬೆಟ್ಟಲ್ಲ, ಕಾಲ್ಬೆಟ್ಟೂ ತೋರ್ಸಲ್ಲ.”

“ಆಯ್ತು, ಹೇಳ್ತೀನಿ,” ಎಂದಳು ತಾಯಮ್ಮ. ಸೊಪ್ಪಿನ ಕಡ್ಡಿಯನ್ನು ಒಂದು ಕಡೆ, ಎಲೆಯನ್ನು ಒಂದು ಕಡೆ ಹಾಕುತ್ತಾ ಹೋದಳು.

*

ಮಂಗಳವಾರ ಗಂಡನಿಗೆ ಬುತ್ತಿ ತಂದವಳು ಪಂಪ್‌ಹೌಸಿನಲ್ಲಿ ನಮ್ಮಿಬ್ಬರ ನಡುವೆ ನಿಂತು ಇದೇ ಕೆಲಸ ಮಾಡಿದಳು. ಲವೀನಾ ಮೇಡಂ ಕೀಬೋರ್ಡಿನಿಂದ ಕೈ ತೆಗೆದು ನೋಡುತ್ತಾ ಕೂತರು. ನಾನು ಹೇಳಿದೆ: “ಸ್ಟಾರ್ಟರಿನ ಬೀಗದ ಕೈ ಎಲ್ಲಿ ಕದ್ದಿಟ್ಟವ್ನೆ ಕೇಳು.” ತಾಯಮ್ಮ ಮೂರು ಹೆಜ್ಜೆ ನಡೆದು, ಗಂಡನ ಕಿವಿಯ ಹತ್ತಿರ ಬಗ್ಗಿ, ಏನೋ ಹೇಳಿದಳು. ಅವನು ಜೇಬಿನಿಂದ ಬೀಗದ ಕೈ ತೆಗೆದು ಕೊಟ್ಟ.

“ಅಮ್ಮ, ನೀವು ಅವರಿಗೆ ಎಂತ ಹೇಳಿದ್ರಿ?” ಎಂದು ಮೇಡಂ ಅವಳನ್ನು ಹೊರಗೆ ಕರೆದುಕೊಂಡು ಹೋಗಿ ಕೇಳಿದರಂತೆ. ತಾಯಮ್ಮ ಏನು ಹೇಳಿದಳೋ ಅವತ್ತು ನನಗೆ ಗೊತ್ತಾಗಲಿಲ್ಲ. ಮೇಡಂ ಒಳಗೆ ಬಂದಾಗ ಮುಖ ಅರಳಿತ್ತು.

“ಮೂರನೇ ಪ್ರೋಗ್ರಾಂ ಹಾಕುವ,” ಎಂದರು. “ನಡುವೆ ಕೂತುಕೊಳ್ತದೆ. ಎರಡೂ ಕಡೆ ಕಿವಿ ಇಡ್ತದೆ. ಅದಕ್ಕೆ ನಿಮ್ಮಿಬ್ಬರ ಹೆಬ್ಬೆಟ್ಟು ಬೇಡ, ನನ್ನದೇ ಸಾಕು. ಏತ ಹೇಳಿದ್ದನ್ನು ತೂಬಿಗೆ ಹಿಡಿಸುವ ಹಾಗೆ ಹೇಳ್ತದೆ, ತೂಬು ಹೇಳಿದ್ದನ್ನು ಏತಕ್ಕೆ ಹಿಡಿಸುವ ಹಾಗೆ. ಅದಕ್ಕೆ ಪಾಠ ಹೇಳುವವರು ಈ ಅಮ್ಮ.”

ಮಂಗಳವಾರ ಮಧ್ಯಾಹ್ನ, ಬುಧವಾರ ಇಡೀ ದಿನ ತಾಯಮ್ಮ ಪೆಟ್ಟಿಗೆಯ ಮುಂದೆ ಕೂತಳು. ಮೇಡಂ ನಮ್ಮ ಲಾಗಿನಿಂದ ಒಂದೊಂದು ಸಾಲು ಓದುವುದು, “ಇದನ್ನು ನೀವು ಹೇಗೆ ಹೇಳ್ತೀರಿ?” ಎನ್ನುವುದು. ತಾಯಮ್ಮ ಹೇಳುವುದು. ಪೆಟ್ಟಿಗೆ ಕಲಿಯುವುದು. ನಮ್ಮನ್ನು ಒಳಗೆ ಬಿಡಲಿಲ್ಲ. ನಾನು ಹುಣಸೆ ಮರದ ಈ ಕಡೆ, ಅವನು ಆ ಕಡೆ ಕೂತಿದ್ದೆವು. ಒಳಗಿನಿಂದ ಮೇಡಂ ನಗುವುದು ಕೇಳುತ್ತಿತ್ತು. ತಾಯಮ್ಮ ನಗುವುದು ಕೇಳಲಿಲ್ಲ.

ಹೊಸ ಪ್ರೋಗ್ರಾಂಗೆ ಮೇಡಂ ತಾಯಮ್ಮ ಎಂದೇ ಹೆಸರಿಟ್ಟರು.

ಗುರುವಾರ ಬೆಳಿಗ್ಗೆ ಓಡಿಸಿದರು. ಪರದೆಯ ಮೇಲೆ ಒಂದೊಂದೇ ಸಾಲು ಬಂತು.

ಏತ: ತೊಟ್ಟಿ ತುಂಬಿದೆ. ಕಣ್ಣಿದ್ದವರು ನೋಡಿಕೊಳ್ಳುವುದು.
ತಾಯಮ್ಮ, ತೂಬಿಗೆ: ತೊಟ್ಟಿ ತುಂಬಿದೆಯಂತೆ. ನಿಮ್ಮ ಅನುಕೂಲ ನೋಡಿಕೊಂಡು ಒಂದನೇ ವಾರ್ಡು ತೆಗೆಯಬಹುದಾ ಎಂದು ಕೇಳುತ್ತಿದ್ದಾರೆ.
ತೂಬು: ತೆಗೆದಿದೆ. ಯಾರ ಅಪ್ಪಣೆಗೂ ಕಾದು ಕೂತಿರಲಿಲ್ಲ.
ತಾಯಮ್ಮ, ಏತಕ್ಕೆ: ತೆಗೆದಾಯಿತು. ಸಮಯಕ್ಕೆ ಸರಿಯಾಗಿ ಹೇಳಿದಿರಿ, ಉಪಕಾರವಾಯಿತು ಎಂದರು.

ಹತ್ತು ನಿಮಿಷದಲ್ಲಿ ಒಂದನೇ ವಾರ್ಡಿನಿಂದ ಕೂಗು ಕೇಳಿತು. ನೀರು ಬಂತು ಎಂದು ಹೆಂಗಸರು ಕೂಗುವುದು ಗುಡ್ಡದವರೆಗೂ ಕೇಳುತ್ತದೆ. ಸಾಹೇಬರು ಫೋನು ಮಾಡಿ ಮೇಡಮ್ಮನ್ನು ಹೊಗಳಿದರು. ನಾನು ಮನೆಗೆ ಹೋಗಿ ತಟ್ಟೆಯಲ್ಲಿ ಉಂಡೆ.

ಗುರುವಾರ ಮಧ್ಯಾಹ್ನ ಮೂರಕ್ಕೆ ಪ್ರೋಗ್ರಾಂ ತಾಯಮ್ಮ ಹೊರಟುಹೋದಳು.

ಹೊರಟುಹೋದಳು ಎಂದು ಮೇಡಮ್ಮೇ ಹೇಳಿದ್ದು. ಪ್ರೋಗ್ರಾಂ ನಿಂತುಹೋದಾಗ ಏಕೆ ನಿಂತಿತೆಂದು ಲಿನಕ್ಸ್ ಒಂದು ಸಂಖ್ಯೆ ಬರೆದಿಡುತ್ತದೆ. ತಪ್ಪಾಗಿ ಬಿದ್ದಿದ್ದರೆ ಒಂದು ಸಂಖ್ಯೆ, ಯಾರಾದರೂ ಕೊಂದಿದ್ದರೆ ಇನ್ನೊಂದು. “ಇದು ಸೊನ್ನೆ,” ಎಂದರು ಮೇಡಂ. “ಸೊನ್ನೆ ಅಂದರೆ ಏನೂ ತಪ್ಪಾಗಲಿಲ್ಲ. ಅದಾಗೇ ಎದ್ದು ಹೋದದ್ದು.”

ಮತ್ತೆ ಓಡಿಸಿದರು. ಒಂದು ಗಂಟೆ ಇತ್ತು, ಹೋಯಿತು. ಶುಕ್ರವಾರ ಬೆಳಿಗ್ಗೆ ಓಡಿಸಿದರು, ಅರ್ಧ ಗಂಟೆ. ಮಧ್ಯಾಹ್ನಕ್ಕೆ ಹತ್ತು ನಿಮಿಷಕ್ಕೆ ಬಂತು. ಪ್ರತಿ ಸಲವೂ ಸೊನ್ನೆ. ಗಡಿಯಾರ ಎರಡು ತೋರಿಸುತ್ತಿತ್ತು. ಐದಕ್ಕೆ ಸಾಹೇಬರು ಬರುವವರು.

“ನಿಮ್ ತಾಯಮ್ಮಂಗೆ ನಿಯತ್ತಿಲ್ಲ ಮೇಡಂ,” ಎಂದೆ.

“ಅದು ನಮ್ಮೋಳಲ್ಲ, ಅವರ ಮನೆ ಹೆಣ್ಣು ಅಂತ ಹೇಳಿ ಮೇಡಂ,” ಎಂದ ಮರಿಸಿದ್ದಯ್ಯ.

ಮೇಡಂ ನಮ್ಮಿಬ್ಬರ ಕಡೆಗೂ ನೋಡಲಿಲ್ಲ. ಆ ಪ್ರೋಗ್ರಾಂ ಬಿಟ್ಟು ಹೋದ ಒಂದು ಕಡತ ತೆಗೆದಿದ್ದರು. ಆಗಲೇ ತಾಯಮ್ಮ ಬುತ್ತಿಯ ಕ್ಯಾರಿಯರ್ ಹಿಡಿದು ಒಳಗೆ ಬಂದಳು. ನನ್ನ ತಂಗಿ ತಾಯಮ್ಮ.

“ಅಮ್ಮ, ಇಲ್ಲಿ ಬನ್ನಿ. ನಿಮ್ಮ ಶಿಷ್ಯೆ ಮಾಡಿದ್ದು ನೋಡಿ,” ಎಂದರು ಮೇಡಂ. “ಏತ ಬೈದದ್ದು, ತೂಬು ಬೈದದ್ದು, ಯಾವುದನ್ನೂ ಆಚೆ ಕಡೆಗೆ ಹೇಳಲಿಲ್ಲ. ಆದರೆ ಬಿಸಾಡಲೂ ಇಲ್ಲ. ಎಲ್ಲವನ್ನೂ ಒಳಗೇ ಇಟ್ಟುಕೊಂಡಿದೆ. ಗಂಟೆ, ನಿಮಿಷದ ಸಮೇತ. ಮತ್ತೆ ಓಡಿಸಿದಾಗ ಮೊದಲು ಇದನ್ನೆಲ್ಲ ಓದಿಕೊಂಡು ಕೆಲಸಕ್ಕೆ ಕೂರ್ತದೆ. ಹೊಟ್ಟೆ ತುಂಬಿದ ಕೂಡಲೆ ಎದ್ದು ಹೋಗ್ತದೆ. ಆಚೆ ಹೇಳದ ಮೇಲೆ ಇಟ್ಟುಕೊಳ್ಳುವುದು ಯಾಕೆ? ಅಳಿಸಬಹುದಲ್ಲ?”

ತಾಯಮ್ಮ ಪರದೆಯನ್ನು ತುಂಬಾ ಹೊತ್ತು ನೋಡಿದಳು. ಅವಳೂ ಏಳನೇ ಕ್ಲಾಸು ಓದಿದ್ದಾಳೆ, ನನಗಿಂತ ಬೇಗ ಓದುತ್ತಾಳೆ.

“ಅಳ್ಸಕ್ಕಾಗಲ್ಲ ಕಣವ್ವ,” ಎಂದಳು. “ಅವ್ರು ನಿಜವಾಗಿ ಏನಂದಿದ್ರು ಅನ್ನಾದು ನೆನಪಿಲ್ದಿದ್ರೆ, ನಾಳೆ ಯಾವ ಸುಳ್ಳು ಹೇಳ್ಬೇಕು ಅಂತ ಗೊತ್ತಾಗಲ್ಲ.”

“ಯಾವ ಸುಳ್ಳು?” ಎಂದೆ ನಾನು.

ತಾಯಮ್ಮ ಕ್ಯಾರಿಯರನ್ನು ಮೇಜಿನ ಮೇಲಿಟ್ಟಳು.

“ಸೋಮವಾರ ಇವ್ರು, ದೊಡ್ಡೋರು ಅವ್ರು, ಅವರ ಮಾತೇ ನಡೀಲಿ ಅಂದ್ರು ಅಂದೆನಲ್ಲ. ಅಂದಿರ್ಲಿಲ್ಲ. ನಿಮ್ಮಣ್ಣನ ಹೆಬ್ಬೆಟ್ಟು ಕತ್ತರಿಸ್ಕಂಡು ಬಾ, ನಾನೇ ಒತ್ಕೋತೀನಿ ಅಂದ್ರು.” ಗಂಡನ ಕಡೆ ತಿರುಗಿದಳು. “ನಮ್ಮಣ್ಣ ಯೋಚ್ನೆ ಮಾಡ್ತೀನಿ ಅಂದ ಅಂತ ನಿಮಗೆ ಹೇಳಿದ್ನಲ್ಲ, ಅವನು ಕತ್ತೆ ಅಂದಿದ್ದ. ಕಾಲ್ಬೆಟ್ಟೂ ತೋರ್ಸಲ್ಲ ಅಂದಿದ್ದ.”

“ನೋಡಿದ್ರಾ ಮೇಡಂ,” ಎಂದು ಮರಿಸಿದ್ದಯ್ಯ ಎದ್ದ.

“ಕೂತ್ಕಳ್ಳಿ,” ಎಂದಳು ತಾಯಮ್ಮ. ಅವನು ಕೂತ. “ನಿಮಗೆ ಜಾಂಡೀಸ್ ಆದಾಗ ನಮ್ಮಣ್ಣ ಎಳನೀರು ಕಳಿಸವ್ನೆ ಅಂತ ದಿನಾ ಕುಡಿಸ್ದೆ. ಅದು ನಾನೇ ಸಂತೇಲಿ ತಂದಿದ್ದು. ಅವನು ಅಂದಿದ್ದು, ಹಳದಿ ಬಣ್ಣ ಒಪ್ತದೆ ಅವನ್ಗೆ ಅಂತ. ಅಣ್ಣ, ಅಮ್ಮನ ತಿಥಿಗೆ ಇವ್ರು ಅಕ್ಕಿ ಮೂಟೆ ಕಳಿಸವ್ರೆ ಅಂದ್ನಲ್ಲ, ಇವ್ರಿಗೆ ಗೊತ್ತೇ ಇಲ್ಲ. ಹೊಲದ ಬದೀನ ಕಲ್ಲು ಜರುಗ್ಸಿದ್ದು ತಪ್ಪಾಯ್ತು ಅಂತ ಇವ್ರು ಯಾವತ್ತೂ ಅನ್ಲಿಲ್ಲ. ಇವ್ರು ಸೊಸೈಟಿಗೆ ನಿಂತಾಗ ನನ್ನ ಓಟು ಭಾವಂಗೇ ಅಂತ ನೀನೂ ಅನ್ಲಿಲ್ಲ. ಪ್ರತಿ ವರ್ಷ ಗೌರಿ ಹಬ್ಬಕ್ಕೆ ನಮ್ಮಣ್ಣ ಬಾಗಿನ ಕಳಿಸವ್ನೆ ಅಂತ ಎರಡು ಮೊರ ತಂದು ಇವ್ರ ಮುಂದೆ ಇಡ್ತೀನಲ್ಲ, ಅದೂ ನಾನೇ ತಂದಿದ್ದು. ನೀನು ಏನಂತಿದ್ದೆ? ಬೇಕಾದ್ರೆ ಬಂದು ತಗೊಂಡೋಗ್ಲಿ, ನಾನು ಆ ಮನೆ ಮೆಟ್ಲು ಹತ್ತಲ್ಲ ಅಂತಿದ್ದೆ. ನನ್ನ ತವರಿನ ಬಾಗಿನ ನಾನೇ ಹನ್ನೊಂದು ವರ್ಷ ಅಂಗಡೀಲಿ ಚೌಕಾಸಿ ಮಾಡಿ ತಂದಿದ್ದೀನಿ.”

ನನಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

“ಮತ್ಯಾಕೆ ಸುಳ್ಳು ಹೇಳ್ದೆ?” ಎಂದು ಕೇಳಿದೆ.

“ಒಂದು ಕಡೆ ತವರು, ಒಂದು ಕಡೆ ಗಂಡನ ಮನೆ. ಇದ್ದಿದ್ದು ಇದ್ದಂಗೆ ಹೇಳಿದ್ರೆ ನಂಗೆ ಎರಡರಲ್ಲಿ ಒಂದೂ ಉಳೀತಿರ್ಲಿಲ್ಲ. ನೀನು ಯಾವತ್ತಾದ್ರೂ ಒಂದಿನ, ನಿಜವಾಗ್ಲೂ ಹಂಗಂದ್ನಾ ಅಂತ ಕೇಳಿದ್ದೀಯ? ನೀವು ಕೇಳಿದ್ರಾ? ನಿಮಗೆ ಹೇಳೋದು ಮುಗಿದ್ರೆ ಸಾಕು.” ಸೆರಗು ಸರಿಪಡಿಸಿಕೊಂಡು ಮೇಡಂ ಕಡೆ ನೋಡಿದಳು. “ಅದನ್ನ ಮತ್ತೆ ಓಡಿಸ್ಬೇಡಿ ಕಣವ್ವ. ಪಾಪ, ಅದು ಹೋಗ್ಲಿ.”

ಹೇಳಿ ಬಾಗಿಲು ದಾಟಿದಳು. ಗೇಟಿನ ಸದ್ದು ಕೇಳಿತು.

“ಬತ್ತಾಳೆ,” ಎಂದ ಮರಿಸಿದ್ದಯ್ಯ ಗೋಡೆಯ ಕಡೆ ನೋಡಿ. “ಕ್ಯಾರಿಯರ್ ಇಲ್ಲೇ ಐತಲ್ಲ.”

ಲವೀನಾ ಮೇಡಂ ಬ್ಯಾಗು ಹೆಗಲಿಗೇರಿಸಿದರು. “ನಾನು ಊಟ ಮಾಡಿ ಬರ್ತೇನೆ. ಅಷ್ಟು ಹೊತ್ತು ನಿಮ್ಮ ಮಾತನ್ನು ಆಚೆ ಈಚೆ ಹೇಳಲಿಕ್ಕೆ ಇಲ್ಲಿ ಯಾರೂ ಇಲ್ಲ,” ಎಂದು ಅವರೂ ಹೋದರು.

ಮೂರಾಯಿತು. ಮೂರೂವರೆ ಆಯಿತು. ಅವನು ಕಿಟಕಿಯಾಚೆ ನೋಡುತ್ತಾ ನಿಂತ. ಅವನ ಬೆನ್ನು ನನ್ನ ಕಡೆಗಿತ್ತು. ನಾನು ಎದ್ದು ಹೋಗಿ ನನ್ನ ಗುಂಡಿಯ ಮೇಲೆ ಹೆಬ್ಬೆಟ್ಟು ಇಟ್ಟೆ. ಏಳನೇ ಕ್ಲಾಸು ಪಾಸಾದ ಹೆಬ್ಬೆಟ್ಟು. ಸದ್ದಾಗದಂತೆ ವಾಪಸು ಬಂದು, ಮುಖ ತೊಳೆಯಲು ಹೊರಗೆ ಹೋದೆ.

ಬಂದು ನೋಡಿದರೆ ನೀರು ಹೋಗುತ್ತಿರಲಿಲ್ಲ. ಪರದೆಯ ಮೇಲೆ ಇದ್ದದ್ದು ಇದು:

ಏತ: ಕೇಳಲು ಕಾಯುತ್ತಿದೆ.
ತೂಬು: ಕೇಳಲು ಕಾಯುತ್ತಿದೆ.

ಎರಡೂ ಕಿಂಡಿಗೆ ಎರಡೂ ಕಿವಿಯಿಟ್ಟು ಕೂತಿದ್ದವು. ಹೇಳುವವರೇ ಇರಲಿಲ್ಲ. ನಾನು ಮರಿಸಿದ್ದಯ್ಯನನ್ನು ನೋಡಿದೆ. ಅವನು ಹೆಬ್ಬೆಟ್ಟನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದ.

ಗಡಿಯಾರ ನಾಲ್ಕು ಹತ್ತು ತೋರಿಸುತ್ತಿತ್ತು. ಸಾಹೇಬರ ಫೋನು ಹೊಡೆದುಕೊಂಡು ನಿಂತಿತು.

“ನೀನೂ ಒತ್ದಾ?” ಎಂದೆ.

ಅವನು ಅತ್ತಿತ್ತ ನೋಡಿದ. ಮೇಡಂ ಇರಲಿಲ್ಲ. ತಾಯಮ್ಮ ಇರಲಿಲ್ಲ.

“ನೀವೂ ಒತ್ತಿದ್ರಾ?” ಎಂದ.

“ಎರಡೂ ಕೇಳ್ತಾ ಕೂತ್ರೆ ಹೇಳೋರ್ಯಾರು? ಒಂದನ್ನ ವಾಪಸ್ ತಗೀಬೇಕು.”

“ನಿಮ್ಮದು ತಗೀರಿ. ನಂದು ಕೇಳ್ಲಿ.”

“ಬ್ಯಾಡ, ನಿಂದು ತಗಿ. ನಾನು ಹೇಳಿದ್ದು ಸಾಕು.”

“ಏಯ್, ನೀವು ದೊಡ್ಡೋರು, ನೀವು ಯಾಕೆ ಕೇಳ್ಬೇಕು?”

“ದೊಡ್ಡೋನು ಅಂತ ಒಪ್ಕೊಂಡ್ಯಲ್ಲ, ದೊಡ್ಡೋನ ಮಾತು ಕೇಳು. ಮುಚ್ಕೊಂಡು ನಿಂದು ತಗಿ.”

“ಮುಚ್ಕೊಂಡು ಗಿಚ್ಕೊಂಡು ಅಂದ್ರೆ ತಗಿಯಲ್ಲ.”

ನಾಲ್ಕು ಮುಕ್ಕಾಲಿನವರೆಗೆ ಜಗಳವಾಡಿದೆವು. ಛತ್ರದ ಪಾಯಸದ ಹಂಡೆಯೂ ಬಂತು. ನಾನು ಫೋನಿನಲ್ಲಿ ಕೂಗಿದ ಹೊತ್ತಿಗೆ ಇವನು ನನ್ನ ಕಡೆಯ ಪಂಪಿನ ಸದ್ದಿನಲ್ಲಿ ಏನೂ ಕೇಳಿಸದೆ “ಆ, ಆ” ಎಂದು ಕೂಗುತ್ತಿದ್ದನಂತೆ. ಹನ್ನೊಂದು ವರ್ಷ ಅದು ನನಗೆ ಗೊತ್ತಿರಲಿಲ್ಲ. ಕೊನೆಗೆ ಅವನು ತನ್ನ ಗುಂಡಿಯನ್ನು ಇನ್ನೊಮ್ಮೆ ಒತ್ತಿ ಅಪ್ಪಣೆ ವಾಪಸು ತೆಗೆದ. ಏತ ಮೊದಲು ಕೇಳಿತು. ತೂಬು ಹೇಳಿತು.

ತೂಬು: ಒಂದನೇ ವಾರ್ಡು ತೆಗೆಯಲು ಸಿದ್ಧ. ತೊಟ್ಟಿ ತುಂಬಿದೆಯಾ?
ಏತ: ಕೇಳಿದೆ. ತುಂಬಿದೆ.
ತೂಬು: ಕೇಳಿದೆ. ತೆಗೆಯುತ್ತಿದ್ದೇನೆ.

ಐದಕ್ಕೆ ಸಾಹೇಬರು ಬಂದಾಗ ಊರಿಗೆಲ್ಲ ನೀರು ಹೋಗುತ್ತಿತ್ತು. ಸರ್ಕಾರದವರು ಪೆಟ್ಟಿಗೆಯ ಫೋಟೋ ತೆಗೆದುಕೊಂಡರು. ನಾವು ನಿಲ್ಲಲಿಲ್ಲ. ತಾಯಮ್ಮನಿಗೆ ಹೇಳಬೇಕೆಂದು ಇಬ್ಬರೂ ಒಂದೇ ಬೈಕಿನಲ್ಲಿ ಅವನ ಮನೆಗೆ ಹೋದೆವು. ನಾನು ಮೆಟ್ಟಿಲು ಹತ್ತಿದೆ.

ಬೀಗ ಹಾಕಿತ್ತು. ಪಕ್ಕದ ಮನೆಯವರು ಕೀಲಿಕೈ ಕೊಟ್ಟರು. ಮೂರು ಗಂಟೆಗೇ ಮಳವಳ್ಳಿ ಬಸ್ಸು ಹತ್ತಿದಳು, ಕೈಯಲ್ಲಿ ಒಂದು ಚೀಲ ಇತ್ತು, ಎಲ್ಲಿಗೆ ಎಂದು ಕೇಳಿದರೆ ನಕ್ಕಳು ಎಂದರು.

ಹಬ್ಬದ ದಿನ ಸಾಕಮ್ಮ ತುಂಬಿಕೊಟ್ಟ ಬಾಗಿನದ ಮೊರ ಹಿಡಿದು ಮತ್ತೆ ಹೋದೆ. ಬಂದಿರಲಿಲ್ಲ. ದೀಪಾವಳಿಗೂ ಬರಲಿಲ್ಲ, ಯುಗಾದಿಗೂ ಬರಲಿಲ್ಲ. ಮಳವಳ್ಳಿಯ ಬಸ್‌ಸ್ಟಾಂಡಿನ ಹತ್ತಿರ ಯಾರದೋ ಹೋಟೆಲಿನಲ್ಲಿ ಅಡುಗೆ ಮಾಡುತ್ತಾಳೆ, ಚೆನ್ನಾಗಿದ್ದಾಳೆ ಎಂದು ಕಂಡವರು ಹೇಳಿದರು. ನಾನು ಒಮ್ಮೆ, ಮರಿಸಿದ್ದಯ್ಯ ಎರಡು ಸಲ ಅಲ್ಲಿಯವರೆಗೆ ಹೋಗಿ ಹೋಟೆಲಿನ ಎದುರಿನ ರಸ್ತೆಯಿಂದಲೇ ವಾಪಸು ಬಂದೆವು. ಒಳಗೆ ಹೋಗಿ ಏನು ಹೇಳುವುದು ಎಂದು ಇಬ್ಬರಿಗೂ ತಿಳಿಯಲಿಲ್ಲ.

“ಯಾರ ಕೈಯಲ್ಲಾದ್ರೂ ಹೇಳಿ ಕಳಿಸಾಣ ಭಾವ,” ಎಂದ ಮೊನ್ನೆ.

ಪಂಪ್‌ಹೌಸಿನ ಕಟ್ಟೆಯ ಮೇಲೆ ಕೂತು ಇಬ್ಬರೂ ಬಹಳ ಹೊತ್ತು ಯೋಚಿಸಿದೆವು. ಹೇಳಿ ಕಳಿಸಲು ನಮಗೆ ಗೊತ್ತಿದ್ದವಳು ಅವಳೊಬ್ಬಳೇ.